ಯಾತ್ರಿಕನ ಕಥೆಯನ್ನು ಇಂದಿನ ಕನ್ನಡಕ್ಕೆ ತಂದಾಗ

ಜಾನ್ ಬನ್ಯನ್ನನ 'ದಿ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ಕೃತಿಯನ್ನು ಇಂದಿನ ಓದುಗರಿಗೆ ಹೊಂದುವ ಕನ್ನಡದಲ್ಲಿ ಹೊಸದಾಗಿ ಬರೆದುಕೊಡಬೇಕೆಂದು ಮಂಗಳೂರಿನ ನಮ್ಮ ಸಭೆಯ ಯುವಜನರು ಕೇಳಿಕೊಂಡಾಗ ನಾನು ತಡಮಾಡದೆ ಒಪ್ಪಿಕೊಂಡೆ. ಬೆನ್ನ ಮೇಲೆ ಹೊರೆ ಹೊತ್ತ ಯಾತ್ರಿಕನೊಬ್ಬ ತನ್ನ ಊರನ್ನು ಬಿಟ್ಟು ಸ್ವರ್ಗದ ನಗರಿಗೆ ನಡೆಯುವ ಕಥೆ ಅದು; ದಾರಿಯಲ್ಲಿ ಸಿಗುವವರಿಗೆಲ್ಲ ಅವರವರ ಗುಣವೇ ಹೆಸರು. ಈ ಕೃತಿ ನಮ್ಮ ಊರಿಗೆ ಹೊಸತಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಇಲ್ಲಿಗೆ ಬಂದು, 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದು ಕನ್ನಡ ಪುಸ್ತಕಗಳನ್ನು ಹೊರತರಲು ತೊಡಗಿದ ಆ ಶತಮಾನದಲ್ಲೇ ಇದು 'ಯಾತ್ರಿಕನ ಸಂಚಾರ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿತ್ತು. ನನ್ನ ತಾಯಿಯ ತವರಿನಲ್ಲಿ ಸತ್ಯವೇದದ ಪಕ್ಕದಲ್ಲೇ ಅದರ ಒಂದು ಪ್ರತಿ ಇರುತ್ತಿತ್ತು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಅಜ್ಜ ಅದರಿಂದ ಒಂದಿಷ್ಟು ಓದಿ ಹೇಳುತ್ತಿದ್ದರು. ಈಗಿನ ಮಕ್ಕಳ ನಾಲಿಗೆಗೆ ಆ ಹಳೆಯ ಗದ್ಯ ಹತ್ತುವುದಿಲ್ಲ. ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ತುಳು ಆಡುವವರು, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು, ಕನ್ನಡವನ್ನು ಮುಖ್ಯವಾಗಿ ಆರಾಧನೆಯಲ್ಲಿ ಕೇಳಿ ಬಲ್ಲವರು. ಅವರಿಗೆ ಕಥೆ ಬೇಕಿತ್ತು. ಅದರ ಬಾಗಿಲಲ್ಲೇ ಎಡವುವುದು ಬೇಡವಾಗಿತ್ತು.

ಇಂತಹ ಕೃತಿಯನ್ನು ತಿದ್ದುವ ಅಧಿಕಾರ ನಮಗೆ ಎಲ್ಲಿಂದ ಬಂತು ಎಂದು ಸಭೆಯ ಹಿರಿಯರೊಬ್ಬರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಬನ್ಯನ್ ಪಾತ್ರೆಗಳನ್ನು ಬೆಸೆದು ದುರಸ್ತಿ ಮಾಡುವ ಕಸುಬಿನ ಮನೆತನದವನು. ಅನುಮತಿಯಿಲ್ಲದೆ ಬೋಧಿಸಿದ್ದಕ್ಕಾಗಿ 1660ರಿಂದ 1672ರವರೆಗೆ ಬೆಡ್‌ಫರ್ಡ್ ಊರಿನ ಸೆರೆಯಲ್ಲಿದ್ದವನು. ಅವನು ಬರೆದದ್ದು ತನ್ನಂತಹ ಕಸುಬಿನವರಿಗೆ ತಿಳಿಯುವ ಭಾಷೆಯಲ್ಲಿ. ಅದಕ್ಕಿಂತ ಮುಖ್ಯವಾದ ಮಾತೆಂದರೆ, 1678ರಲ್ಲಿ ಕೃತಿ ಮೊದಲ ಬಾರಿ ಅಚ್ಚಾದ ಕೂಡಲೇ ಅವನೇ ಅದನ್ನು ತಿದ್ದತೊಡಗಿದ. ಯಾತ್ರಿಕನನ್ನು ಸುಲಭದ ದಾರಿಗೆ ಎಳೆಯುವ ಆ ಸೊಗಸುಗಾರ ಲೋಕಜ್ಞ ಮೊದಲ ಮುದ್ರಣದಲ್ಲಿ ಇರಲೇ ಇಲ್ಲ. ಅದೇ ವರ್ಷದ ಎರಡನೆಯ ಮುದ್ರಣದಲ್ಲಿ ಕಾಣಿಸಿಕೊಂಡ. ಓದುಗರನ್ನು ನೋಡಿ ಕೃತಿಯನ್ನು ಬೆಳೆಸಿದ ಲೇಖಕನ ಮೇಲೆ ಕೈಯಿಡುವಾಗ ಹೆದರಿಕೆ ಇರಬೇಕು, ಆದರೆ ಕೈಯಿಡಲೇಬಾರದು ಎಂದೇನಿಲ್ಲ ಎಂದು ನಾನು ಆ ಹಿರಿಯರಿಗೆ ಹೇಳಿದೆ.

ಕೆಲಸವನ್ನು ಇಂಗ್ಲಿಷ್ ಮೂಲದಿಂದಲೇ ಆರಂಭಿಸಿದೆ. ಅಜ್ಜ ಓದುತ್ತಿದ್ದ ಹಳೆಯ ಕನ್ನಡವನ್ನು ಪಕ್ಕದಲ್ಲಿ ಇಟ್ಟುಕೊಂಡೆ. ಅನುಮಾನ ಬಂದಲ್ಲಿ 1894ರ ಕಿಟ್ಟೆಲ್ ನಿಘಂಟನ್ನು ನೋಡಿದೆ. ಮೂಲದ ಮೊದಲ ಭಾಗಕ್ಕೆ ಅಧ್ಯಾಯಗಳೇ ಇಲ್ಲ, ಕನಸೊಂದು ಆರಂಭವಾಗಿ ಮುಗಿಯುವವರೆಗೆ ಒಂದೇ ಓಟ. ಅಂಚಿನಲ್ಲಿ ಮಾತ್ರ ಸತ್ಯವೇದದ ವಾಕ್ಯಗಳ ಸೂಚನೆಗಳೂ ಸಣ್ಣ ಟಿಪ್ಪಣಿಗಳೂ ಇವೆ. ಒಂದು ಸಂಜೆಯ ಓದಿಗೆ ಸಾಕಾಗುವಷ್ಟು ತುಂಡುಗಳಾಗಿ ಅದನ್ನು ಒಡೆದು, ಬರೆದದ್ದನ್ನು ಭಾನುವಾರದ ಆರಾಧನೆಯ ನಂತರ ಯುವಜನರ ಕೂಟದಲ್ಲಿ ಅವರ ಬಾಯಿಂದಲೇ ಓದಿಸುತ್ತಿದ್ದೆ. ಓದುವವರು ಎಲ್ಲಿ ತಡವರಿಸಿದರೋ ಅಲ್ಲಿ ಗೆರೆ ಎಳೆದು, ಮನೆಗೆ ಬಂದು ಆ ವಾಕ್ಯವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ. ಸತ್ಯವೇದದ ಉಲ್ಲೇಖಗಳನ್ನು ಮಾತ್ರ ನಾನಾಗಿ ಅನುವಾದಿಸಲಿಲ್ಲ. ಸಭೆಯಲ್ಲಿ ಬಾಯಿಪಾಠವಾಗಿರುವ ಕನ್ನಡ ಸತ್ಯವೇದದ ಮಾತುಗಳನ್ನೇ ಇಟ್ಟೆ. ಯಾತ್ರಿಕನು ಕಾರ್ಗತ್ತಲಿನ ಕಣಿವೆಯಲ್ಲಿ ಒಬ್ಬನೇ ತಡವರಿಸುತ್ತಿರುವಾಗ ಮುಂದೆಲ್ಲೋ ಇನ್ನೊಬ್ಬ ಪ್ರಯಾಣಿಕ 23ನೆಯ ಕೀರ್ತನೆಯ ಮಾತನ್ನು ಹೇಳುತ್ತಾ ನಡೆಯುವುದು ಅವನ ಕಿವಿಗೆ ಬೀಳುತ್ತದೆ. ಆ ಮಾತು ಬಾಲ್ಯದಿಂದ ಕೇಳಿದ ರೂಪದಲ್ಲೇ ಕೇಳಿಸಿದರೆ ಮಾತ್ರ, ಈ ಕತ್ತಲೆಯಲ್ಲಿ ನಾನೊಬ್ಬನೇ ಅಲ್ಲ ಎಂಬ ಅವನ ಸಮಾಧಾನ ಓದುಗನಿಗೂ ತಲುಪುತ್ತದೆ.

ಮೊದಲು ಕೈಗೆತ್ತಿಕೊಂಡದ್ದು ಹತಾಶೆಯ ಕೆಸರಿನ ಪ್ರಸಂಗ. ಕರಾವಳಿಯ ಮಳೆಗಾಲದಲ್ಲಿ ಗದ್ದೆಯ ಹುಣಿಯ ಮೇಲೆ ನಡೆದು ಕಾಲುಜಾರಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಯಾತ್ರಿಕನೂ ಅವನ ಜೊತೆಗೆ ಹೊರಟ ನೆರೆಯವ ಚಂಚಲನೂ ಅದರಲ್ಲಿ ಬೀಳುವುದು ನನ್ನ ಬರಹದಲ್ಲಿ ಹೀಗೆ ಬಂತು: "ಮಾತಿನ ಭರದಲ್ಲಿ ಇಬ್ಬರೂ ಕೆಳಗೆ ನೋಡಲಿಲ್ಲ. ಯಾತ್ರಿಕ ಕಾಲು ಕೀಳಲು ಹೋದಷ್ಟೂ ಬೆನ್ನ ಮೇಲಿನ ಹೊರೆ ಅವನನ್ನು ಕೆಳಕ್ಕೆ ಒತ್ತಿತು. 'ಈಗ ಎಲ್ಲಿದ್ದಿ ಮಾರಾಯ?' ಎಂದು ಚಂಚಲ ಕೇಳಿದ. 'ನಿಜ ಹೇಳಬೇಕೆಂದರೆ ನನಗೇ ಗೊತ್ತಿಲ್ಲ' ಎಂದ ಯಾತ್ರಿಕ." ಚಂಚಲ ಅಲ್ಲಿಂದ ಏಳುವುದು ತನ್ನ ಮನೆಯ ಕಡೆಗಿರುವ ದಡದಿಂದ, ಯಾತ್ರಿಕ ಹೊರಳುತ್ತಾ ಸಾಗುವುದು ಆಚೆಯ ದಡಕ್ಕೆ. ಮೂಲದಲ್ಲಿ ಒಂದೆರಡು ಸಾಲಿನಲ್ಲಿ ಬಂದುಹೋಗುವ ಈ ದಿಕ್ಕಿನ ವ್ಯತ್ಯಾಸವನ್ನು ನಾನು ಎಷ್ಟು ಮೆಚ್ಚಿದೆನೆಂದರೆ, ಅದರ ಮುಂದೆ ಯಾವ ವಿವರಣೆಯನ್ನೂ ಸೇರಿಸಲು ಮನಸ್ಸಾಗಲಿಲ್ಲ. ಆ ಕೆಸರನ್ನು ಗಟ್ಟಿಮಾಡಲೆಂದು ರಾಜನ ಕೆಲಸದವರು ಸಾವಿರದ ಆರುನೂರು ವರ್ಷಗಳಿಂದ ಸದುಪದೇಶಗಳನ್ನು ಗಾಡಿಗಟ್ಟಲೆ ಸುರಿಯುತ್ತಿದ್ದರೂ ಕೆಸರು ಕೆಸರಾಗಿಯೇ ಉಳಿದಿದೆ ಎಂದು ಬನ್ಯನ್ ಬರೆಯುತ್ತಾನೆ. ಸ್ವತಃ ಬೋಧಕನಾಗಿದ್ದವನು ಬರೆದ ಮಾತಿದು. ಉಪದೇಶ ಕೊಡುವ ನಾವೆಲ್ಲರೂ ಎರಡು ಸಲ ಓದಬೇಕಾದ ಮಾತು.

ಯಾತ್ರಿಕನು ಮಾಯಾಸಂತೆಯನ್ನು ಹಾದುಹೋಗುವ ಪ್ರಸಂಗಕ್ಕೆ ಬಂದಾಗ ಚರ್ಚೆ ಜೋರಾಯಿತು. ಹಿರಿಯರ ಸಲಹೆ ಒಂದೇ ಆಗಿತ್ತು: ಇಂದಿನ ಮಾಯಾಸಂತೆ ಎಂದರೆ ಮೊಬೈಲು, ಮಾಲು, ರೀಲ್ಸ್, ಅದನ್ನೇ ಬರೆಯಿರಿ, ಮಕ್ಕಳಿಗೆ ಬುದ್ಧಿ ಬರಲಿ. ಆ ದಾರಿಯಲ್ಲಿ ಕೆಲವು ಪುಟಗಳನ್ನು ಬರೆದೂ ನೋಡಿದೆ. ಓದಿದಾಗ ಹಿರಿಯರು ಸಂತೋಷಪಟ್ಟರು, ಯುವಜನರು ಸುಮ್ಮನೆ ಕುಳಿತರು. ಸಂತೆಯಿಂದ ನಲವತ್ತು ದಾಟಿದವರೆಲ್ಲರೂ ಹೊರಗುಳಿದುಬಿಟ್ಟಿದ್ದರು. ಮೂಲವನ್ನು ಮತ್ತೆ ತೆರೆದು ಬನ್ಯನ್ ಆ ಸಂತೆಯಲ್ಲಿ ಏನೇನು ಮಾರುತ್ತಾನೆಂದು ನೋಡಿದರೆ ಮನೆ, ಜಮೀನು, ಉದ್ಯೋಗ, ಸ್ಥಾನಮಾನ, ಬಿರುದು, ಗಂಡ, ಹೆಂಡತಿ, ಮಕ್ಕಳು, ಬೆಳ್ಳಿ, ಬಂಗಾರ, ಕೊನೆಗೆ ಪ್ರಾಣ ಮತ್ತು ಆತ್ಮ ಎಲ್ಲವೂ ಆ ಪಟ್ಟಿಯಲ್ಲಿದೆ. ವರದಕ್ಷಿಣೆಯ ಮಾತುಕತೆ, ಸಮಿತಿಯ ಚುನಾವಣೆ, ವೃತ್ತಿಶಿಕ್ಷಣದ ಸೀಟಿಗಾಗಿ ಕೊಡುವ ಹಣ, ಇವೆಲ್ಲವೂ ಆ ಪಟ್ಟಿಯೊಳಗೆ ಆಗಲೇ ಸೇರಿಹೋಗಿವೆ. ಮೊಬೈಲನ್ನು ತೆಗೆದು ಹಳೆಯ ಪಟ್ಟಿಯನ್ನೇ ಇಟ್ಟೆ. ಆ ಭಾನುವಾರ ಸುಮ್ಮನಾದವರು ಹಿರಿಯರು. ಈ ಕಥೆಯ ಮೊನೆ ಓದುವವನ ಕಡೆಗೆ ತಿರುಗಿರಬೇಕು, ಅವನ ಪಕ್ಕದಲ್ಲಿ ಕುಳಿತವನ ಕಡೆಗಲ್ಲ ಎಂಬುದು ನನಗೆ ಸ್ಪಷ್ಟವಾದದ್ದು ಇಲ್ಲಿಯೇ. ಮುಂದೆ ಯಾವುದನ್ನು ಬದಲಾಯಿಸಬೇಕು, ಯಾವುದನ್ನು ಮುಟ್ಟಬಾರದು ಎಂಬ ಪ್ರಶ್ನೆ ಬಂದಾಗಲೆಲ್ಲ ಇದನ್ನೇ ಅಳತೆಗೋಲು ಮಾಡಿಕೊಂಡೆ.

ಅದೇ ಕಾರಣಕ್ಕೆ ಆ ಸ್ಥಳವನ್ನು 'ಜಾತ್ರೆ' ಎಂದು ಕರೆಯುವ ಸಲಹೆಯನ್ನೂ ಬಿಟ್ಟುಕೊಟ್ಟೆ. ದಕ್ಷಿಣ ಕನ್ನಡದಲ್ಲಿ ಜಾತ್ರೆ ಎಂದರೆ ದೇವಸ್ಥಾನದ ಉತ್ಸವ, ನೆರೆಯವರ ಭಕ್ತಿಯ ವಿಷಯ. ಅದು ನಮ್ಮ ವಿಡಂಬನೆಗೆ ಸರಕಾಗಬಾರದು. ಸಂತೆಯಲ್ಲಿ ನಡೆಯುವುದು ವ್ಯಾಪಾರ ಮಾತ್ರ, ಬನ್ಯನ್ನನ ಸಿಟ್ಟೂ ವ್ಯಾಪಾರದ ಮೇಲೆಯೇ.

ಸಂತೆಯ ಕೊನೆಯಲ್ಲಿ ಬರುವ ನ್ಯಾಯಾಲಯದ ದೃಶ್ಯ ಮಾತ್ರ ನಮ್ಮ ಕರಾವಳಿಗೆಂದೇ ಬರೆದಂತಿತ್ತು. ಯಾತ್ರಿಕನ ಜೊತೆಗಾರ ನಂಬಿಗಸ್ತನ ವಿರುದ್ಧ ಮತ್ಸರ, ಮೂಢಭಕ್ತಿ, ಚಾಡಿಕೋರ ಎಂಬ ಮೂವರು ಸಾಕ್ಷಿ ಹೇಳುತ್ತಾರೆ. ನ್ಯಾಯಾಧೀಶನ ಹೆಸರು ಸದ್ಗುಣದ್ವೇಷಿ. ಹನ್ನೆರಡು ಮಂದಿ ಪಂಚರಲ್ಲಿ ಮುಖ್ಯಸ್ಥನೇ ಕುರುಡ. ಗುಣಗಳೇ ವೇಷ ಕಟ್ಟಿ ವಾದಿಸುವುದು ನಮ್ಮ ದೇಶದ ಓದುಗರಿಗೆ ಹೊಸತಲ್ಲ. ಸಂಸ್ಕೃತದ 'ಪ್ರಬೋಧಚಂದ್ರೋದಯ'ದಲ್ಲಿ ವಿವೇಕವೂ ಮೋಹವೂ ಪಾತ್ರಗಳಾಗಿವೆ. ಕನಕದಾಸರ 'ರಾಮಧಾನ್ಯಚರಿತೆ'ಯಲ್ಲಿ ರಾಗಿಯೂ ಭತ್ತವೂ ರಾಮನ ಮುಂದೆ ಜಗಳಕ್ಕೆ ನಿಲ್ಲುತ್ತವೆ. ಈ ಭಾಗವನ್ನು ತಾಳಮದ್ದಳೆಯ ರೀತಿಯಲ್ಲಿ ಓದಿಸೋಣವೆಂದು ಕೂಟದ ಹುಡುಗನೊಬ್ಬ ಹೇಳಿದ. ಅವನು ಯಕ್ಷಗಾನ ಕಲಿತವನು. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕುಳಿತು ಮಾತು ಮಾತ್ರ. ಮೂಲದಲ್ಲಿ ಪಂಚರು ಒಬ್ಬೊಬ್ಬರೂ ಒಂದೊಂದು ವಾಕ್ಯ ಹೇಳಿ ಮುಗಿಸುತ್ತಾರೆ. ಆ ವಾಕ್ಯಗಳನ್ನು ಬೇರೆಬೇರೆ ಕಂಠಗಳಲ್ಲಿ ಬೆನ್ನುಬೆನ್ನಿಗೆ ಕೇಳಿದಾಗ, ಒಬ್ಬ ನಿರಪರಾಧಿಯನ್ನು ಕೊಲ್ಲಲು ಗುಂಪೊಂದಕ್ಕೆ ಎಷ್ಟು ಕಡಿಮೆ ಹೊತ್ತು ಸಾಕು ಎಂಬುದು ಅರಿವಾಗಿ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಈ ಭಾಗವನ್ನು ಪುಸ್ತಕದಲ್ಲೂ ನಾಟಕದ ರೂಪದಲ್ಲೇ, ಹೆಸರು ಎಡಕ್ಕೆ ಮಾತು ಬಲಕ್ಕೆ ಇರುವಂತೆ ಉಳಿಸಿದ್ದೇವೆ. ಮೂಲದಲ್ಲಿಯೂ ಇಂತಹ ಕಡೆಗಳಲ್ಲಿ ಬನ್ಯನ್ ಮಾತಿಗೆ ಮುಂಚೆ ಆಡುವವರ ಹೆಸರನ್ನು ಬರೆದೇ ಸಾಗುತ್ತಾನೆ.

ಕಾರ್ಗತ್ತಲಿನ ಕಣಿವೆಯ ಕೊನೆಯಲ್ಲಿರುವ ಗುಹೆ ನನ್ನನ್ನು ಬಹಳ ಕಾಲ ಕಾಡಿತು. ಅಲ್ಲಿ ಇಬ್ಬರು ದೈತ್ಯರಿದ್ದರೆಂದು ಬನ್ಯನ್ ಹೇಳುತ್ತಾನೆ. ಒಬ್ಬನಿಗೆ ಅವನಿಟ್ಟ ಹೆಸರು ಪೋಪ್, ಇನ್ನೊಬ್ಬನಿಗೆ ಪೇಗನ್, ಅಂದರೆ ಅನ್ಯಧರ್ಮೀಯ. ಎರಡನೆಯವನು ಸತ್ತು ಬಹಳ ಕಾಲವಾಗಿದೆ, ಮೊದಲನೆಯವನು ಮುಪ್ಪಿನಿಂದ ಕೀಲುಗಳು ಬಿಗಿದುಹೋಗಿ ಗುಹೆಯ ಬಾಯಲ್ಲಿ ಕುಳಿತು ಉಗುರು ಕಚ್ಚುತ್ತಿದ್ದಾನೆ. 17ನೆಯ ಶತಮಾನದ ಇಂಗ್ಲೆಂಡಿನ ಮತಕಲಹದ ನೆನಪು ಆರದಿದ್ದ ಕಾಲದಲ್ಲಿ, ವಿಶ್ವಾಸಕ್ಕಾಗಿ ಸುಡಲ್ಪಟ್ಟವರ ಕಥೆಗಳನ್ನು ಕೇಳುತ್ತಾ ಬೆಳೆದವನು ಬರೆದದ್ದು ಇದು. ಅಲ್ಲಿ ಅದಕ್ಕೊಂದು ಕಾರಣವಿತ್ತು. ಮಂಗಳೂರಿನಲ್ಲಿ ನಮ್ಮ ಮನೆಯ ಒಂದು ಬದಿಗೆ ಕೊಂಕಣಿ ಮಾತನಾಡುವ ಕಥೋಲಿಕರಿದ್ದಾರೆ, ಇನ್ನೊಂದು ಬದಿಗೆ ನಾಗಬನದಲ್ಲಿ ನಾಗನಿಗೆ ಹಾಲೆರೆಯುವವರಿದ್ದಾರೆ. ನನ್ನ ತಾಯಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬುತ್ತಿ ಕಟ್ಟಿ ತಂದವರು ಈ ಎರಡು ಮನೆಯವರೇ. ಆ ಎರಡು ಹೆಸರುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿದರೆ ಅದು ಬನ್ಯನ್ನನ ಕಾಲದ ನೋವನ್ನು ಹೇಳುವುದಿಲ್ಲ, ನಮ್ಮ ಕಾಲದಲ್ಲಿ ಹೊಸ ನೋವನ್ನು ಉಂಟುಮಾಡುತ್ತದೆ. ಆ ಪರಿಚ್ಛೇದವನ್ನು ಕಥೆಯಿಂದ ತೆಗೆದು, ತೆಗೆದಿದ್ದೇನೆಂಬುದನ್ನೂ ಅದಕ್ಕೆ ಕಾರಣವನ್ನೂ ಮುನ್ನುಡಿಯಲ್ಲಿ ಬರೆದೆ. ಗುಟ್ಟಾಗಿ ಕತ್ತರಿಸುವುದು ಮೂಲಕ್ಕೂ ಓದುಗರಿಗೂ ಮಾಡುವ ಅನ್ಯಾಯ. ಸಭಾಪಾಲಕರು ಒಪ್ಪಿದರು, ಇಬ್ಬರು ಹಿರಿಯರು ಇಂದಿಗೂ ಒಪ್ಪಿಲ್ಲ, ಅವರ ಆಕ್ಷೇಪಕ್ಕೂ ಮುನ್ನುಡಿಯಲ್ಲಿ ಜಾಗ ಕೊಟ್ಟಿದ್ದೇನೆ.

ಸಂಶಯದ ಕೋಟೆಯ ಬಗ್ಗೆ ವಿವರವಾಗಿ ಹೇಳಬೇಕು. ದಾರಿ ಕಲ್ಲುಮುಳ್ಳಾಗಿದೆಯೆಂದು ಪಕ್ಕದ ಹುಲ್ಲುಗಾವಲಿನ ಕಾಲುಹಾದಿಗೆ ಇಳಿದ ಯಾತ್ರಿಕನನ್ನೂ ಅವನ ಜೊತೆಗಾರ ಆಶಾವಂತನನ್ನೂ ಹತಾಶ ಎಂಬ ದೈತ್ಯ ಹಿಡಿದು ತನ್ನ ಕೋಟೆಯ ನೆಲಮಾಳಿಗೆಗೆ ನೂಕುತ್ತಾನೆ. ಬುಧವಾರ ಬೆಳಗಿನಿಂದ ಶನಿವಾರ ರಾತ್ರಿಯವರೆಗೆ ಅವರಿಗೆ ಒಂದು ತುತ್ತು ಅನ್ನವಿಲ್ಲ, ಒಂದು ಗುಟುಕು ನೀರಿಲ್ಲ, ಬೆಳಕಿಲ್ಲ, ಹೇಗಿದ್ದೀರೆಂದು ಕೇಳುವವರಿಲ್ಲ. ದೈತ್ಯ ಅವರನ್ನು ದೊಣ್ಣೆಯಿಂದ ಬಡಿಯುತ್ತಾನೆ. ಮರುದಿನ ಬಂದು, ಇಲ್ಲಿಂದ ಹೊರಬರುವ ದಾರಿಯಿಲ್ಲ, ಚೂರಿಯೋ ಹಗ್ಗವೋ ವಿಷವೋ ಯಾವುದಾದರೊಂದನ್ನು ತೆಗೆದುಕೊಂಡು ಮುಗಿಸಿಕೊಳ್ಳಿ ಎನ್ನುತ್ತಾನೆ. ಯಾತ್ರಿಕನು ಆ ಮಾತಿಗೆ ಓಲುತ್ತಾನೆ. ಶಿಲುಬೆಯ ಬುಡದಲ್ಲಿ ಹೊರೆ ಕಳಚಿಬಿದ್ದವನು, ಯುದ್ಧದಲ್ಲಿ ಗೆದ್ದವನು, ಕಣಿವೆ ದಾಟಿದವನು, ಅವನೇ ಓಲುತ್ತಾನೆ.

ಇದನ್ನು ಮಕ್ಕಳ ಕೈಗೆ ಕೊಡುವ ಪುಸ್ತಕದಲ್ಲಿ ಇಡಬೇಡಿ ಎಂದು ಕೆಲವು ತಾಯಂದಿರು ಹೇಳಿದರು. ಅವರ ಭಯ ನನಗೆ ಅರ್ಥವಾಗುತ್ತದೆ, ಏಕೆಂದರೆ ಹಾಸ್ಟೆಲುಗಳಲ್ಲಿ ನಡೆಯುವ ದುರಂತಗಳ ಸುದ್ದಿಯನ್ನು ಓದದ ತಾಯಿ ಈ ಜಿಲ್ಲೆಯಲ್ಲಿಲ್ಲ. ಆದರೂ ಈ ಪ್ರಸಂಗವನ್ನು ಅಳಿಸಿದರೆ, ವಿಶ್ವಾಸವಿರುವವರಿಗೆ ಇಂತಹ ಯೋಚನೆ ಬರುವುದೇ ಇಲ್ಲ ಎಂಬ ಸುಳ್ಳನ್ನು ನಾವು ಹೇಳಿದಂತಾಗುತ್ತದೆ. ಆ ಸುಳ್ಳಿನಿಂದಲೇ ಎಷ್ಟೋ ಮಂದಿ ಬಾಯಿ ಬಿಡದೆ ಉಳಿಯುತ್ತಾರೆ. ಕೂಟದಲ್ಲಿ ಇದನ್ನು ಓದಿದವಳು ನರ್ಸಿಂಗ್ ಕಲಿಯುತ್ತಿರುವ ಹುಡುಗಿ. ಆಶಾವಂತನ ಮಾತುಗಳನ್ನು ಓದಿ ಮುಗಿಸಿ ಅವಳು, "ಟೀಚರ್, ಇವನು ಬುದ್ಧಿವಾದ ಹೇಳುವುದೇ ಕಡಿಮೆ. ಇನ್ನು ಸ್ವಲ್ಪ ಕಾಯುವ, ಅಂತಲೇ ಹೇಳ್ತಾನೆ" ಎಂದಳು. ಅವಳು ಹೇಳಿದ್ದು ಸರಿ. ಕೊಲೆ ಬೇಡವೆಂಬ ರಾಜನ ಆಜ್ಞೆಯನ್ನು ಆಶಾವಂತ ನೆನಪಿಸುತ್ತಾನೆ ನಿಜ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಈ ದೈತ್ಯನೇ ಸಾಯಬಹುದು, ಒಂದು ದಿನ ಬೀಗ ಹಾಕಲು ಮರೆಯಬಹುದು, ಬಿಸಿಲು ಬಂದಾಗ ಅವನಿಗೆ ಬರುವ ಆ ಮೂರ್ಛೆ ನಮ್ಮ ಎದುರಲ್ಲೇ ಬಂದು ಕೈಕಾಲು ಸ್ವಾಧೀನ ತಪ್ಪಬಹುದು ಎಂದು ಒಂದೊಂದಾಗಿ ಎಣಿಸುತ್ತಾನೆ. ಹಸಿದು, ಏಟು ತಿಂದು, ತಾನೂ ಅದೇ ಕತ್ತಲೆಯಲ್ಲಿ ಕುಳಿತಿರುವವನು ಎಣಿಸುವ ಸಾಧ್ಯತೆಗಳು ಅವು. ಹಳೆಯ ಸಂಭಾಷಣೆಗಳನ್ನು ಉಳಿದ ಕಡೆಗಳಲ್ಲಿ ನಾನು ಧಾರಾಳವಾಗಿ ಮೊಟಕುಗೊಳಿಸಿದ್ದೇನೆ; ವಾಚಾಳಿ ಎಂಬ ಪಾತ್ರದ ಜೊತೆಗಿನ ಉದ್ದನೆಯ ವಾದ ಅರ್ಧಕ್ಕಿಳಿದಿದೆ. ಆಶಾವಂತನ ಮಾತಿನಲ್ಲಿ ಒಂದು ಪದವನ್ನೂ ಬಿಟ್ಟಿಲ್ಲ.

ಕೊನೆಗೆ ಬೀಗ ತೆರೆಯುವುದು ಯಾತ್ರಿಕನ ಎದೆಯಲ್ಲೇ ಇದ್ದ 'ವಾಗ್ದಾನ' ಎಂಬ ಕೀಲಿಕೈಯಿಂದ. ಇಷ್ಟು ದಿನ ಜೇಬಲ್ಲೇ ಇತ್ತಲ್ಲ ಎಂದು ಓದುಗ ಅವನನ್ನು ಬೈಯುವಂತೆ ಬರೆದರೆ ನರಳುತ್ತಿರುವವನ ಮೇಲೆ ಇನ್ನೊಂದು ಕಲ್ಲು ಹೇರಿದಂತೆ. ಅದಕ್ಕೆ ಮೂಲದ ಎರಡು ವಿವರಗಳನ್ನು ಎದ್ದು ಕಾಣುವಂತೆ ಇಟ್ಟೆ: ಕೀಲಿ ನೆನಪಾಗುವುದು ಇಬ್ಬರೂ ಒಟ್ಟಿಗೆ ಶನಿವಾರ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಪ್ರಾರ್ಥಿಸಿದ ಮೇಲೆ, ಹೊರಗಿನ ಕಬ್ಬಿಣದ ಬಾಗಿಲಿನ ಬೀಗ ಆ ಕೀಲಿಗೂ ಸುಲಭಕ್ಕೆ ತಿರುಗುವುದಿಲ್ಲ, ಬಹಳ ಬಿಗಿಯಾಗಿರುತ್ತದೆ. ಈ ಅಧ್ಯಾಯ ಮುಗಿಯುವ ಪುಟದ ಕೆಳಗೆ ಸರಕಾರದ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ರ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದೇವೆ. ಹಳೆಯ ಕೃತಿಯ ನಡುವೆ ದೂರವಾಣಿ ಸಂಖ್ಯೆ ಚೆನ್ನಾಗಿ ಕಾಣುವುದಿಲ್ಲ ಎಂದು ಅಚ್ಚಿನ ಕೆಲಸದವರು ಹೇಳಿದರು. ಅದು ಅಲ್ಲೇ ಇರಬೇಕು ಎಂದು ಹೇಳಿ ಬಂದಿದ್ದೇನೆ.

ಅಜ್ಞಾನಿ ಎಂಬ ಪಾತ್ರದ ಅಂತ್ಯವನ್ನೂ ಬದಲಾಯಿಸಲಿಲ್ಲ. ಅವನು ಕೆಟ್ಟವನಲ್ಲ, ಚುರುಕಾದ ಹುಡುಗ, ಸಾಲ ತೀರಿಸುವವನು, ಉಪವಾಸ ಮಾಡುವವನು, ದಾನ ಕೊಡುವವನು. ನದಿಯನ್ನು ಕೂಡ ಅಂಬಿಗನ ದೋಣಿಯಲ್ಲಿ ಸುಲಭವಾಗಿ ದಾಟಿ ಬಂದವನನ್ನು ಸ್ವರ್ಗದ ನಗರಿಯ ಬಾಗಿಲಿನಿಂದಲೇ ನರಕಕ್ಕೆ ಕೊಂಡೊಯ್ಯುತ್ತಾರೆ. ಇಂದಿನ ಓದುಗರು ಇದನ್ನು ಸಹಿಸುವುದಿಲ್ಲ, ಮೃದುಗೊಳಿಸಿ ಎಂದವರಿಗೆ, ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ನಮ್ಮಂತಹವರಿಗೇ ಬರೆದ ಪಾತ್ರವಿದು, ನಮ್ಮ ಮೇಲೆ ಬೀಳುವ ಏಟನ್ನು ನಾವೇ ಹಗುರ ಮಾಡಿಕೊಳ್ಳಬಾರದು ಎಂದು ಉತ್ತರಿಸಿದೆ.

ಯುವತಿಯರ ಆಕ್ಷೇಪ ಬೇರೆಯೇ ಆಗಿತ್ತು. ಹೆಂಡತಿ ಮಕ್ಕಳು ಹಿಂದಿನಿಂದ ಕೂಗುತ್ತಿರುವಾಗ ಕಿವಿಗೆ ಬೆರಳಿಟ್ಟುಕೊಂಡು ಓಡುವ ಗಂಡಸನ್ನು ನಾವು ಏಕೆ ಮೆಚ್ಚಬೇಕು ಎಂದು ಅವರು ಕೇಳಿದರು. ಗಂಡಸರು ದೂರದೇಶಕ್ಕೆ ದುಡಿಯಲು ಹೋಗಿ, ಹೆಂಗಸರು ಮನೆ ನಡೆಸಿದ ಕುಟುಂಬಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಆ ಪ್ರಶ್ನೆಯ ಹಿಂದೆ ಅವರವರ ತಾಯಂದಿರು ನಿಂತಿದ್ದರು. ಓಡುವ ದೃಶ್ಯವನ್ನು ನಾನು ತಿದ್ದಲಿಲ್ಲ. ಬದಲಿಗೆ, ರಮ್ಯ ಅರಮನೆಯಲ್ಲಿ ಪ್ರೀತಿ ಎಂಬ ಹೆಣ್ಣು 'ಅವರನ್ನೇಕೆ ಕರೆತರಲಿಲ್ಲ' ಎಂದು ಕೇಳಿದಾಗ ಯಾತ್ರಿಕ ಅಳುವ ಭಾಗವನ್ನು ಪೂರ್ತಿಯಾಗಿ ಇಟ್ಟು, 1684ರಲ್ಲಿ ಬಂದ ಎರಡನೆಯ ಭಾಗವನ್ನೂ ಇದೇ ಸಂಪುಟದಲ್ಲಿ ಸೇರಿಸಬೇಕೆಂದು ಪಟ್ಟುಹಿಡಿದೆ. ಖರ್ಚು ಹೆಚ್ಚುತ್ತದೆಂದು ಸಮಿತಿ ಹಿಂಜರಿದಾಗ ಮಹಿಳೆಯರ ಕೂಟದವರು ಅದರ ಭಾರ ಹೊತ್ತರು. ಆ ಭಾಗದಲ್ಲಿ ಹೆಂಡತಿಯೇ ನಾಲ್ವರು ಗಂಡುಮಕ್ಕಳನ್ನೂ ನೆರೆಮನೆಯ ಹುಡುಗಿ ಕರುಣೆಯನ್ನೂ ಕರೆದುಕೊಂಡು ಅದೇ ಹಾದಿಗೆ ಹೊರಡುತ್ತಾಳೆ. ಗಂಡ ಹೆಚ್ಚಾಗಿ ಒಬ್ಬಿಬ್ಬರಾಗಿ ನಡೆದ ದಾರಿಯಲ್ಲಿ ಈಕೆಯ ಗುಂಪು ಹೋದಹಾಗೆ ಬೆಳೆಯುತ್ತದೆ. ಊರುಗೋಲಿನವರು, ಅಂಜುಬುರುಕರು, ಮನಸ್ಸು ಸೋತವರು ಎಲ್ಲರೂ ಸೇರಿಕೊಳ್ಳುತ್ತಾರೆ, ಅವರಿಗಾಗಿ ಉಳಿದವರು ನಡಿಗೆಯನ್ನು ನಿಧಾನ ಮಾಡುತ್ತಾರೆ.

ಮೊದಲ ಭಾಗ ಅಚ್ಚಿಗೆ ಹೋಗಿದೆ. ಎರಡನೆಯ ಭಾಗದಲ್ಲಿ ನಾನೀಗ ಸಂಶಯದ ಕೋಟೆಯನ್ನು ಕೆಡಹುವ ಪ್ರಸಂಗದಲ್ಲಿದ್ದೇನೆ. ದೈತ್ಯನನ್ನು ಕೊಂದು ಕೋಟೆಯನ್ನು ನೆಲಸಮ ಮಾಡಿದಾಗ ಒಳಗೆ ಸಾಯಲು ಬಿದ್ದಿದ್ದ ತಂದೆ ಮಗಳು ಸಿಗುತ್ತಾರೆ. ಹೊರಗೆ ವಾದ್ಯ ನುಡಿಸಿ ಎಲ್ಲರೂ ಸಂತೋಷಪಡುತ್ತಿರುವಾಗ, ಊರುಗೋಲಿನ ಮನುಷ್ಯ ಆ ಮಗಳ ಕೈಹಿಡಿದು ಹಾದಿಯಲ್ಲೇ ಕುಣಿಯುತ್ತಾನೆ. ತಂದೆಗೆ ಮಾತ್ರ ಸಂಗೀತ ಬೇಕಾಗಿಲ್ಲ, ಅವನು ಹಸಿದು ಕಂಗೆಟ್ಟಿದ್ದಾನೆ, ಅವನಿಗೆ ಮೊದಲು ಊಟ ಬೇಕು. ಯಾತ್ರಿಕನ ಹೆಂಡತಿ ಅವನಿಗೆ ಕುಡಿಯಲು ಕೊಟ್ಟು, ಆಮೇಲೆ ತಿನ್ನಲು ಏನಾದರೂ ಸಿದ್ಧಮಾಡುತ್ತಾಳೆ. ಅವಳು ಏನು ಬಡಿಸಿದಳೆಂದು ಬನ್ಯನ್ ಹೇಳಿಲ್ಲ. ಗಂಜಿಯೆಂದು ಬರೆಯಲೇ ಎಂದು ಮಹಿಳೆಯರ ಕೂಟದಲ್ಲಿ ಕೇಳಿದ್ದೇನೆ, ಅವರು ಮುಂದಿನ ಭಾನುವಾರ ಹೇಳುವುದಾಗಿ ತಿಳಿಸಿದ್ದಾರೆ.